ವಾಲ್ಟ್ ಡಿಸ್ನಿ ದೇಹ ಫ್ರೀಜರ್‌ನಲ್ಲಿದೆಯೇ? ಬಿಸಿಲು, ಮಳೆ, ಚಳಿ ಲೆಕ್ಕ ಹಾಕಿ ಥೀಮ್ ಪಾರ್ಕ್ ಕಟ್ಟಿದವರ ನಿಜ ಕಥೆ

ಮಿಕ್ಕಿ ಮೌಸ್ ಸೃಷ್ಟಿಸಿದ ವಾಲ್ಟ್ ಡಿಸ್ನಿ ಅವರ ದೇಹವನ್ನು ಹೂತೂ ಇಲ್ಲ, ಸುಟ್ಟೂ ಇಲ್ಲ. ಅಮೆರಿಕದ ಡಿಸ್ನಿಲ್ಯಾಂಡ್‌ನ ನೆಲಮಾಳಿಗೆಯಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದಾರೆ. ಮುಂದೊಂದು ದಿನ ವಿಜ್ಞಾನ ಬೆಳೆದಾಗ ಅವರನ್ನು ಮತ್ತೆ ಬದುಕಿಸುತ್ತಾರೆ. ಇಂಥದ್ದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕೆಲವು ಸಂದೇಶಗಳಲ್ಲಿ ಇನ್ನೊಂದು ಸಾಲು ಸೇರಿರುತ್ತದೆ: ಈ ಗುಟ್ಟನ್ನು ಮುಚ್ಚಿಡಲೆಂದೇ ಡಿಸ್ನಿ ಕಂಪನಿ ‘ಫ್ರೋಝನ್’ ಎಂಬ ಸಿನಿಮಾ ಮಾಡಿತಂತೆ!

ಮೊದಲೇ ಹೇಳಿಬಿಡುತ್ತೇವೆ. ಇದು ಸುಳ್ಳು. ಯಾಕೆ ಸುಳ್ಳು ಎಂಬುದಕ್ಕೆ ದಾಖಲೆಗಳಿವೆ, ಮುಂದೆ ಓದಿ.

ಆದರೆ ಡಿಸ್ನಿ ಅವರ ಬದುಕಿನಲ್ಲಿ ಬಿಸಿಲು, ಮಳೆ, ಹಿಮದ ಪಾತ್ರ ನಿಜಕ್ಕೂ ದೊಡ್ಡದು. ಅವರು ಕಟ್ಟಿದ ಮೊದಲ ಪಾರ್ಕಿನ ಉದ್ಘಾಟನೆ ಬಿಸಿಲಿನಿಂದ ಹದಗೆಟ್ಟಿತ್ತು. ಎರಡನೆಯದಕ್ಕೆ ಜಾಗ ಹುಡುಕುವಾಗ ಚಂಡಮಾರುತದ ಲೆಕ್ಕ ಹಾಕಬೇಕಾಯಿತು. ರಜೆ ಬಂತೆಂದರೆ ಮಕ್ಕಳನ್ನು ಕರೆದುಕೊಂಡು ಪಾರ್ಕಿಗೆ ಹೊರಡುವ ನಮಗೆ ಫ್ರೀಜರ್ ಕಥೆಗಿಂತ ಈ ಕಥೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಿಮದಲ್ಲಿ ಪೇಪರ್ ಹಾಕಿದ ಹುಡುಗ

ವಾಲ್ಟ್ ಡಿಸ್ನಿ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಅಮೆರಿಕದ ಶಿಕಾಗೊ ನಗರದಲ್ಲಿ. ತಂದೆ ಇಲಿಯಾಸ್, ತಾಯಿ ಫ್ಲೋರಾ. ಇವರ ಮದುವೆ ನಡೆದದ್ದು 1888ರಲ್ಲಿ, ದಕ್ಷಿಣದ ಫ್ಲಾರಿಡಾ ರಾಜ್ಯದಲ್ಲಿ. ಇಲಿಯಾಸ್ ಅಲ್ಲಿ ಕಿತ್ತಳೆ ಬೆಳೆಯಲು ಹೋಗಿ ಕೈಸುಟ್ಟುಕೊಂಡು ಉತ್ತರಕ್ಕೆ ಬಂದಿದ್ದರು. ಅದೇ ಫ್ಲಾರಿಡಾದಲ್ಲಿ ಮಗ ಮುಂದೆ ಸಾವಿರಾರು ಎಕರೆ ಕೊಳ್ಳುತ್ತಾನೆಂದು ಆಗ ಯಾರಿಗೆ ಗೊತ್ತಿತ್ತು?

ವಾಲ್ಟ್‌ಗೆ ನಾಲ್ಕು ವರ್ಷವಿದ್ದಾಗ, 1906ರಲ್ಲಿ, ಕುಟುಂಬ ಮಿಸೌರಿ ರಾಜ್ಯದ ಮಾರ್ಸೆಲಿನ್ ಎಂಬ ಸಣ್ಣ ಊರಿಗೆ ಹೋಗಿ ಬೇಸಾಯ ಶುರು ಮಾಡಿತು. ಹುಡುಗ ಚಿತ್ರ ಬರೆಯಲು ಕಲಿತದ್ದು ಅಲ್ಲಿಯೇ. ತಂದೆಯ ಆರೋಗ್ಯ ಕೆಟ್ಟಿತು, ಹೊಲ ಮಾರಬೇಕಾಯಿತು. ಅಲ್ಲಿಂದ ಕ್ಯಾನ್ಸಸ್ ಸಿಟಿಗೆ ಹೋದ ಇಲಿಯಾಸ್ 1911ರಲ್ಲಿ ಪೇಪರ್ ಹಂಚುವ ಏಜೆನ್ಸಿ ಹಿಡಿದರು. ಹಂಚುವ ಕೆಲಸ ಬಿದ್ದದ್ದು ಮಕ್ಕಳಾದ ರಾಯ್ ಮತ್ತು ವಾಲ್ಟ್ ಹೆಗಲಿಗೆ.

ಆಗ ವಾಲ್ಟ್‌ಗೆ ಒಂಬತ್ತು ವರ್ಷ. ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ ಎದ್ದು ಮನೆಮನೆಗೆ ಪೇಪರ್ ಹಾಕಬೇಕು. ಆಮೇಲೆ ಶಾಲೆ. ಶಾಲೆ ಮುಗಿದ ಮೇಲೆ ಸಂಜೆ ಪೇಪರ್. ಕ್ಯಾನ್ಸಸ್ ಸಿಟಿಯ ಚಳಿಗಾಲದಲ್ಲಿ ತಾಪಮಾನ ಸೊನ್ನೆಗಿಂತ ಕೆಳಗಿಳಿಯುತ್ತದೆ, ಮೊಣಕಾಲುದ್ದ ಹಿಮ ಬೀಳುವ ದಿನಗಳೂ ಇರುತ್ತವೆ. ಪೇಪರನ್ನು ಅಂಗಳಕ್ಕೆ ಎಸೆದು ಹೋಗುವಂತಿರಲಿಲ್ಲ. ಗಾಳಿಗೆ ಹಾರದಂತೆ, ಹಿಮಕ್ಕೆ ನೆನೆಯದಂತೆ ಬಾಗಿಲ ಒಳಬದಿಗೆ ಇಡಬೇಕೆಂಬುದು ತಂದೆಯ ಕಟ್ಟಪ್ಪಣೆ. ಇಷ್ಟೆಲ್ಲ ಮಾಡಿದರೂ ಕೈಗೆ ಸಂಬಳ ಇಲ್ಲ. ದೊಡ್ಡ ಕಟ್ಟಡಗಳ ಬೆಚ್ಚಗಿನ ಪಡಸಾಲೆ ಸಿಕ್ಕರೆ ಹುಡುಗ ಅಲ್ಲೇ ಒರಗಿ ನಿದ್ದೆ ಹೋಗುತ್ತಿದ್ದ. ಈ ಕೆಲಸ ಆರು ವರ್ಷ ನಡೆಯಿತು. ಯಾರದೋ ಮನೆಗೆ ಪೇಪರ್ ಹಾಕುವುದು ತಪ್ಪಿಹೋಯಿತು ಎಂಬ ಕೆಟ್ಟ ಕನಸು ದೊಡ್ಡವರಾದ ಮೇಲೂ ಅವರನ್ನು ಬಿಡಲಿಲ್ಲ.

ಅದೇ ಊರಿನಲ್ಲಿ ಅವರ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಎಲೆಕ್ಟ್ರಿಕ್ ಪಾರ್ಕ್ ಎಂಬ ಮನರಂಜನಾ ಉದ್ಯಾನವಿತ್ತು. ಸಾವಿರಾರು ಬಲ್ಬುಗಳು, ಜಾರುಬಂಡಿ, ತಿರುಗುವ ಕುದುರೆಗಳು, ರಾತ್ರಿ ಪಟಾಕಿ. ಪಾರ್ಕ್ ಎಂದರೆ ಏನು ಎಂಬ ಮೊದಲ ಕಲ್ಪನೆ ಹುಡುಗನಿಗೆ ಸಿಕ್ಕಿದ್ದು ಅಲ್ಲಿಂದ.

ಬಿಸಿಲಿನ ಊರಿಗೆ ಹೊರಟದ್ದು ಯಾಕೆ?

ಮೊದಲ ಮಹಾಯುದ್ಧದ ಕೊನೆಯಲ್ಲಿ ವಾಲ್ಟ್ ರೆಡ್ ಕ್ರಾಸ್ ಆಂಬುಲೆನ್ಸ್ ಚಾಲಕನಾಗಿ ಫ್ರಾನ್ಸ್‌ಗೆ ಹೋಗಿ ಬಂದರು. ಕ್ಯಾನ್ಸಸ್ ಸಿಟಿಗೆ ಮರಳಿ ಕಾರ್ಟೂನ್ ಸ್ಟುಡಿಯೊ ತೆರೆದರು. 1923ರಲ್ಲಿ ಅದು ದಿವಾಳಿಯಾಯಿತು. ಇದ್ದಬದ್ದದ್ದನ್ನು ಒಂದು ಸೂಟ್‌ಕೇಸ್‌ಗೆ ತುಂಬಿ ಕ್ಯಾಲಿಫೋರ್ನಿಯಾದ ರೈಲು ಹತ್ತಿದರು.

ಅಲ್ಲಿಗೇ ಯಾಕೆ? ಒಂದು ಕಾರಣ ಸಿನಿಮಾ ಉದ್ಯಮ. ವರ್ಷದ ಬಹುಪಾಲು ದಿನ ಬಿಸಿಲಿರುವ ಊರಾದ್ದರಿಂದ ಹೊರಾಂಗಣ ಚಿತ್ರೀಕರಣ ಸುಲಭವಾಗಿತ್ತು. ಇನ್ನೊಂದು ಕಾರಣ ಅಣ್ಣ ರಾಯ್. ಅವರಿಗೆ ಕ್ಷಯರೋಗ ಬಂದು ಲಾಸ್ ಏಂಜಲಿಸ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದರು. ಕ್ಷಯಕ್ಕೆ ಔಷಧ ಇಲ್ಲದ ಆ ಕಾಲದಲ್ಲಿ ಒಣಹವೆ, ಬಿಸಿಲು, ವಿಶ್ರಾಂತಿಯೇ ಚಿಕಿತ್ಸೆ ಎಂದು ವೈದ್ಯರು ನಂಬಿದ್ದರು. ನಿಜವಾದ ಔಷಧ ಬಂದದ್ದು 1940ರ ದಶಕದಲ್ಲಿ, ಸ್ಟ್ರೆಪ್ಟೊಮೈಸಿನ್ ರೂಪದಲ್ಲಿ. ಬಿಸಿಲಿನಿಂದ ಕ್ಷಯ ವಾಸಿಯಾಗುತ್ತದೆ ಎಂಬ ಸಂದೇಶ ಇವತ್ತಿಗೂ ಬಂದರೆ ನಂಬಬೇಡಿ. ಪೂರ್ತಿ ಅವಧಿ ಮಾತ್ರೆ ತೆಗೆದುಕೊಳ್ಳುವುದೊಂದೇ ದಾರಿ.

1923ರ ಅಕ್ಟೋಬರ್‌ನಲ್ಲಿ ಅಣ್ಣ ತಮ್ಮ ಸೇರಿ ಸ್ಟುಡಿಯೊ ತೆರೆದರು. 1928ರಲ್ಲಿ ಮಿಕ್ಕಿ ಮೌಸ್ ಬಂತು. 1937ರಲ್ಲಿ ‘ಸ್ನೋ ವೈಟ್’ ಚಿತ್ರ ಜಗತ್ತನ್ನೇ ಬೆರಗುಗೊಳಿಸಿತು. ಅದೇ ವರ್ಷ ಬಂದ ‘ದಿ ಓಲ್ಡ್ ಮಿಲ್’ ಎಂಬ ಕಿರುಚಿತ್ರದಲ್ಲಿ ಹಳೆಯ ಗಾಳಿಗಿರಣಿಯೊಂದರಲ್ಲಿ ವಾಸವಿದ್ದ ಹಕ್ಕಿ, ಇಲಿ, ಬಾವಲಿಗಳು ಒಂದು ರಾತ್ರಿಯ ಬಿರುಗಾಳಿ ಮಳೆಯನ್ನು ಹೇಗೆ ಕಳೆದವು ಎಂಬುದಷ್ಟೇ ಕಥೆ. ಅದಕ್ಕೆ ಆಸ್ಕರ್ ಬಂತು. ಪರದೆಯ ಮೇಲೆ ಮಳೆ ಸುರಿಸುವುದು, ನಿಲ್ಲಿಸುವುದು ಡಿಸ್ನಿ ಕೈಯಲ್ಲಿತ್ತು. ಪರದೆಯ ಹೊರಗೆ ಹಾಗಿರಲಿಲ್ಲ.

ಬೆಂಚಿನ ಮೇಲೆ ಹುಟ್ಟಿದ ಯೋಚನೆ

ಡಿಸ್ನಿಗೆ ಡಯಾನ್, ಶರೋನ್ ಎಂಬ ಇಬ್ಬರು ಹೆಣ್ಣುಮಕ್ಕಳು. ವಾರಕ್ಕೊಮ್ಮೆ ಅವರನ್ನು ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದರು. ಮಕ್ಕಳು ತಿರುಗುವ ಕುದುರೆ ಹತ್ತಿದರೆ ಅಪ್ಪ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕೂರಬೇಕು. ದೊಡ್ಡವರೂ ಮಕ್ಕಳೂ ಒಟ್ಟಿಗೆ ಆಡುವಂಥ, ಚೊಕ್ಕಟವಾದ ಜಾಗ ಯಾಕಿಲ್ಲ ಎಂಬ ಯೋಚನೆ ಆಗ ಗಟ್ಟಿಯಾಯಿತು.

1953ರಲ್ಲಿ ಜಾಗ ಹುಡುಕಲು ಅವರು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯನ್ನು ನೇಮಿಸಿಕೊಂಡರು. ಹ್ಯಾರಿಸನ್ ಪ್ರೈಸ್ ಎಂಬ ತಜ್ಞರು ಜನಸಂಖ್ಯೆ ಯಾವ ಕಡೆ ಬೆಳೆಯುತ್ತಿದೆ, ಹೆದ್ದಾರಿ ಎಲ್ಲಿ ಬರುತ್ತಿದೆ, ಭೂಮಿಯ ಬೆಲೆ ಎಷ್ಟು ಎಂದು ನೋಡಿದರು. ಜೊತೆಗೆ ಹವಾಮಾನವನ್ನೂ ನೋಡಿದರು. ಕೊನೆಗೆ ಆರಿಸಿದ್ದು ಅನಾಹೈಮ್ ಎಂಬ ಊರಿನ 160 ಎಕರೆ ಕಿತ್ತಳೆ ತೋಟ.

ಹವಾಮಾನದ ದೃಷ್ಟಿಯಿಂದ ಅದು ಒಳ್ಳೆಯ ಆಯ್ಕೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಅದೂ ವರ್ಷಕ್ಕೆ 400 ಮಿಲಿಮೀಟರ್‌ಗಿಂತ ಕಡಿಮೆ. ಬೆಂಗಳೂರಿನಲ್ಲಿ ಬೀಳುವ ಮಳೆಯ ಅರ್ಧಕ್ಕಿಂತಲೂ ಕಡಿಮೆ ಎಂದರೆ ಅಂದಾಜು ಸಿಗಬಹುದು. ಶಾಲೆಗೆ ರಜೆ ಇರುವ ಬೇಸಿಗೆಯಲ್ಲಿ ಆಕಾಶ ಹೆಚ್ಚುಕಡಿಮೆ ಖಾಲಿ. ಮಳೆಯ ಭಯವಿಲ್ಲ. ಆದರೆ ಬಿಸಿಲು?

38 ಡಿಗ್ರಿಯ ಆ ಭಾನುವಾರ

1954ರ ಜುಲೈನಲ್ಲಿ ಕೆಲಸ ಶುರುವಾಯಿತು. ಒಂದೇ ವರ್ಷದಲ್ಲಿ, ಸುಮಾರು 1 ಕೋಟಿ 70 ಲಕ್ಷ ಡಾಲರ್ ವೆಚ್ಚದಲ್ಲಿ ಡಿಸ್ನಿಲ್ಯಾಂಡ್ ತಯಾರಾಯಿತು. ಡಿಸ್ನಿ ತಮ್ಮ ಜೀವವಿಮೆಯ ಮೇಲೂ ಸಾಲ ಎತ್ತಿದ್ದರು. 1955ರ ಜುಲೈ 17, ಭಾನುವಾರ, ಉದ್ಘಾಟನೆ. ಎಬಿಸಿ ಟಿವಿಯಲ್ಲಿ ನೇರ ಪ್ರಸಾರ. ನಿರೂಪಕರಲ್ಲಿ ಒಬ್ಬರು ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್.

ಅಂದು ತಾಪಮಾನ 38 ಡಿಗ್ರಿ ಸೆಲ್ಸಿಯಸ್ ಆಸುಪಾಸು ಏರಿತು. ಆಹ್ವಾನಿತರಿಗೆ ಮಾತ್ರ ಪ್ರವೇಶ ಎಂದಿದ್ದರೂ ನಕಲಿ ಟಿಕೆಟ್ ಹಿಡಿದು ಬಂದವರು ಸೇರಿ ಸುಮಾರು 28,000 ಜನ ಒಳಗಿದ್ದರು. ಹಿಂದಿನ ರಾತ್ರಿಯವರೆಗೂ ಹಾಕುತ್ತಿದ್ದ ಡಾಂಬರು ಬಿಸಿಲಿಗೆ ಮೆತ್ತಗಾಗಿ, ಹೆಂಗಸರ ಹೈ ಹೀಲ್ಸ್ ಚಪ್ಪಲಿಗಳು ಅದರಲ್ಲಿ ಹೂತುಕೊಂಡವು. ಪ್ಲಂಬರ್‌ಗಳ ಮುಷ್ಕರದಿಂದಾಗಿ ಶೌಚಾಲಯ ಮತ್ತು ಕುಡಿಯುವ ನೀರಿನ ನಲ್ಲಿ ಎರಡಕ್ಕೂ ಸಂಪರ್ಕ ಕೊಡಲು ಸಮಯ ಸಾಲಲಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದಾಗ ಡಿಸ್ನಿ ಶೌಚಾಲಯಕ್ಕೆ ಒಪ್ಪಿಗೆ ಕೊಟ್ಟರು. ತಂಪು ಪಾನೀಯ ಮಾರಲೆಂದೇ ನೀರು ನಿಲ್ಲಿಸಿದ್ದಾರೆ ಎಂದು ಜನ ಸಿಟ್ಟಾದರು. ತಿಂಡಿಯೂ ಖಾಲಿಯಾಯಿತು. ಆ ದಿನಕ್ಕೆ ಕರಾಳ ಭಾನುವಾರ ಎಂದೇ ಹೆಸರು ಬಿತ್ತು.

ಇಲ್ಲಿ ವಿಜ್ಞಾನ ಸ್ವಲ್ಪ ನೋಡೋಣ. ಹವಾಮಾನ ಇಲಾಖೆ ಹೇಳುವ 38 ಡಿಗ್ರಿ ಎಂದರೆ ನೆರಳಿನಲ್ಲಿ, ನೆಲದಿಂದ ಒಂದೂವರೆ ಎರಡು ಮೀಟರ್ ಎತ್ತರದಲ್ಲಿ ಅಳೆದ ಗಾಳಿಯ ಬಿಸಿ. ಅದೇ ಹೊತ್ತಿಗೆ ಬಿಸಿಲು ಬೀಳುವ ಡಾಂಬರು 60 ಡಿಗ್ರಿ ದಾಟಬಹುದು, ಏಕೆಂದರೆ ಕಪ್ಪು ಬಣ್ಣ ಬಿಸಿಲನ್ನು ಹೀರಿಕೊಳ್ಳುತ್ತದೆ. ಕುಳ್ಳಗಿರುವ ಮಕ್ಕಳು ಆ ಬಿಸಿ ನೆಲಕ್ಕೆ ನಮಗಿಂತ ಹತ್ತಿರ ಇರುತ್ತಾರೆ. ಅಪ್ಪ ಅಮ್ಮನಿಗೆ ತಡೆದುಕೊಳ್ಳಬಹುದು ಎನಿಸುವ ಬಿಸಿಲು ನಾಲ್ಕು ವರ್ಷದ ಮಗುವಿಗೆ ತಡೆಯಲಾಗದು.

ನಮ್ಮ ದೇಹ ತಣ್ಣಗಾಗುವುದು ಬೆವರು ಆರುವುದರಿಂದ. ಕಳೆದುಹೋದ ನೀರನ್ನು ಮತ್ತೆ ಕುಡಿಯದಿದ್ದರೆ ಬೆವರುವ ಶಕ್ತಿಯೇ ಕುಗ್ಗುತ್ತದೆ. ಆದ್ದರಿಂದ 38 ಡಿಗ್ರಿಯಲ್ಲಿ ಕುಡಿಯುವ ನೀರಿಲ್ಲದ ಪಾರ್ಕ್ ಬರೀ ಕಿರಿಕಿರಿಯ ವಿಷಯವಲ್ಲ, ಆರೋಗ್ಯದ ಪ್ರಶ್ನೆ.

ಡಿಸ್ನಿ ಮರುದಿನದಿಂದಲೇ ತಪ್ಪುಗಳನ್ನು ಸರಿಪಡಿಸಲು ನಿಂತರು. ಏಳು ವಾರಗಳಲ್ಲಿ 10 ಲಕ್ಷ ಜನ ಬಂದರು. ಕಡಿಮೆ ಜನ ಬರುವ ಚಳಿಗಾಲದ ತಿಂಗಳುಗಳಲ್ಲಿ ವಾರದ ಕೆಲವು ದಿನ ಪಾರ್ಕ್ ಮುಚ್ಚುವ ಪದ್ಧತಿಯೂ ಬಂತು. ಅದು 1985ರವರೆಗೆ ನಡೆಯಿತು.

ಹಿಮಪಾತ ನಿಂತದ್ದು ಪವಾಡವೇ?

1960ರಲ್ಲಿ ಚಳಿಗಾಲದ ಒಲಿಂಪಿಕ್ಸ್ ಕ್ಯಾಲಿಫೋರ್ನಿಯಾದ ಸ್ಕ್ವಾ ವ್ಯಾಲಿಯಲ್ಲಿ ನಡೆಯಿತು. ಉದ್ಘಾಟನಾ ಸಮಾರಂಭದ ಹೊಣೆ ಡಿಸ್ನಿ ಅವರದು. ಫೆಬ್ರವರಿ 18ರಂದು ಬೆಳಗ್ಗೆಯಿಂದ ಜೋರು ಹಿಮಪಾತ. ದಾರಿ ಕಟ್ಟಿತು, ಅತಿಥಿಗಳು ತಡವಾದರು, ಕಾರ್ಯಕ್ರಮ ಮುಂದಕ್ಕೆ ಹೋಯಿತು. ಕೊನೆಗೆ ಸಮಾರಂಭ ಶುರುವಾಗುವ ಹೊತ್ತಿಗೆ ಮೋಡ ಸರಿದು ಬಿಸಿಲು ಬಂತು. ಎಲ್ಲ ಮುಗಿದ ಮೇಲೆ ಮತ್ತೆ ಹಿಮ ಸುರಿಯಿತು. ಡಿಸ್ನಿ ಹೇಳಿದರೆ ಹವಾಮಾನವೂ ಕೇಳುತ್ತದೆ ಎಂದು ಜನ ಮಾತಾಡಿಕೊಂಡರು.

ಹಾಗೇನಿಲ್ಲ. ಬೆಟ್ಟಪ್ರದೇಶದ ಹಿಮಬಿರುಗಾಳಿಗಳು ಪಟ್ಟೆಪಟ್ಟೆಯಾಗಿ ಬರುತ್ತವೆ. ಎರಡು ಪಟ್ಟೆಗಳ ನಡುವೆ ಬಿಡುವು ಸಿಗುವುದು ಸಹಜ. ಅಂದು ಆ ಬಿಡುವು ಸರಿಯಾದ ಹೊತ್ತಿಗೆ ಸಿಕ್ಕಿತು, ಅಷ್ಟೆ. ನಮ್ಮ ಮನೆಯ ಮದುವೆ ದಿನ ಮಳೆ ನಿಂತರೆ ದೇವರ ದಯೆ ಎನ್ನುತ್ತೇವಲ್ಲ, ಹಾಗೆ. ಸಂತೋಷಪಡಬಹುದು, ಆದರೆ ಮುಂದಿನ ಮದುವೆಗೆ ಶಾಮಿಯಾನ ಹಾಕಿಸದೆ ಇರಲು ಅದು ಕಾರಣವಾಗಬಾರದು.

ಸ್ವತಃ ಡಿಸ್ನಿಯೂ ಅದೃಷ್ಟ ನಂಬಿ ಕೂರಲಿಲ್ಲ. 1963ರಲ್ಲಿ ಡಿಸ್ನಿಲ್ಯಾಂಡ್‌ನಲ್ಲಿ ತೆರೆದ ‘ಎನ್‌ಚಾಂಟೆಡ್ ಟಿಕಿ ರೂಮ್’ ಎಂಬ ಹಾಡುವ ಯಂತ್ರಹಕ್ಕಿಗಳ ಪ್ರದರ್ಶನ ಅಲ್ಲಿನ ಮೊದಲ ಪೂರ್ಣ ಎಸಿ ಆಕರ್ಷಣೆ. ಎಸಿ ಬೇಕಾದದ್ದು ಮುಖ್ಯವಾಗಿ ಯಂತ್ರಗಳನ್ನು ನಡೆಸುವ ಉಪಕರಣಗಳ ಬಿಸಿ ಇಳಿಸಲು. ಆದರೆ ಮಧ್ಯಾಹ್ನದ ಬಿಸಿಲಲ್ಲಿ ಸುಸ್ತಾದವರಿಗೂ ಅದು ನೆರಳಾಯಿತು. ಅದೇ ವರ್ಷಗಳಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಹಲವು ಮಹಡಿಗಳ ಪೂರ್ತಿ ಒಳಾಂಗಣ ಪಾರ್ಕ್ ಕಟ್ಟುವ ಯೋಜನೆಯನ್ನೂ ಅವರು ಪರಿಶೀಲಿಸಿದರು. ಆ ಊರಿನ ಚಳಿಗಾಲ ಕಠಿಣ, ಆಕಾಶದ ಕೆಳಗೆ ವರ್ಷಪೂರ್ತಿ ಪಾರ್ಕ್ ನಡೆಸುವುದು ಕಷ್ಟ. ಆ ಯೋಜನೆ ಮಾತ್ರ 1965ರಲ್ಲಿ ಕೈಬಿಟ್ಟುಹೋಯಿತು.

ಫ್ಲಾರಿಡಾ: ಚಂಡಮಾರುತ ತಪ್ಪಿಸಿದರೆ ಗುಡುಗು ಕಾದಿತ್ತು

ಅಮೆರಿಕದ ಹೆಚ್ಚಿನ ಜನ ವಾಸಿಸುವುದು ಮಿಸಿಸಿಪ್ಪಿ ನದಿಯ ಪೂರ್ವಕ್ಕೆ. ಅಷ್ಟು ದೂರದಿಂದ ಕ್ಯಾಲಿಫೋರ್ನಿಯಾಕ್ಕೆ ಬರುವವರು ಕಡಿಮೆ. ಹೀಗಾಗಿ ಪೂರ್ವದಲ್ಲಿ, ಚಳಿಗಾಲದಲ್ಲೂ ಬೆಚ್ಚಗಿರುವ ಜಾಗ ಬೇಕಿತ್ತು. 1963ರ ನವೆಂಬರ್ 22ರಂದು ಡಿಸ್ನಿ ವಿಮಾನದಲ್ಲಿ ಫ್ಲಾರಿಡಾದ ಒರ್ಲಾಂಡೊ ಸುತ್ತಲಿನ ಜೌಗು ನೆಲ, ಹೆದ್ದಾರಿಗಳನ್ನು ಮೇಲಿನಿಂದ ನೋಡಿದರು. ಅಧ್ಯಕ್ಷ ಕೆನಡಿ ಹತ್ಯೆಯಾದದ್ದು ಅದೇ ದಿನ. ಆ ಸುದ್ದಿ ಅವರಿಗೆ ತಿಳಿದದ್ದು ವಿಮಾನ ಇಳಿದ ಮೇಲೆ.

ಫ್ಲಾರಿಡಾದಲ್ಲಿ ಸಮುದ್ರತೀರಕ್ಕೆ ಕೊರತೆಯಿಲ್ಲ. ಆದರೆ ಡಿಸ್ನಿ ತೀರ ಬಿಟ್ಟು ಒಳನಾಡನ್ನೇ ಆರಿಸಿಕೊಂಡರು. ತೀರದಲ್ಲಿ ಪಾರ್ಕ್ ಕಟ್ಟಿದರೆ ಜನ ಸಮುದ್ರಕ್ಕೇ ಹೋಗುತ್ತಾರೆ ಎಂಬುದು ಒಂದು ಲೆಕ್ಕ. ಚಂಡಮಾರುತ ಇನ್ನೊಂದು. ಚಂಡಮಾರುತಕ್ಕೆ ಶಕ್ತಿ ಸಿಗುವುದು ಬೆಚ್ಚಗಿನ ಸಮುದ್ರದಿಂದ ಮೇಲೇಳುವ ನೀರಾವಿಯಿಂದ. ನೆಲಕ್ಕೆ ಬಂದಂತೆ ಆ ಇಂಧನ ನಿಂತು ಅದು ದುರ್ಬಲವಾಗುತ್ತದೆ. ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಗುಟ್ಟಾಗಿ 27,000 ಎಕರೆಗೂ ಹೆಚ್ಚು ಭೂಮಿ ಕೊಂಡು, 1965ರ ನವೆಂಬರ್‌ನಲ್ಲಿ ಯೋಜನೆ ಪ್ರಕಟಿಸಿದರು.

ಒಳನಾಡಿಗೂ ಅದರದೇ ಸಮಸ್ಯೆ ಇದೆ. ಫ್ಲಾರಿಡಾ ಒಂದು ಉದ್ದನೆಯ ಪರ್ಯಾಯ ದ್ವೀಪ. ಪೂರ್ವಕ್ಕೆ ಅಟ್ಲಾಂಟಿಕ್ ಸಾಗರ, ಪಶ್ಚಿಮಕ್ಕೆ ಮೆಕ್ಸಿಕೊ ಕೊಲ್ಲಿ. ಬೇಸಿಗೆಯಲ್ಲಿ ನೆಲ ನೀರಿಗಿಂತ ಬೇಗ ಕಾಯುತ್ತದೆ. ಬಿಸಿಯಾದ ಗಾಳಿ ಮೇಲೇರಿದಾಗ ಆ ಜಾಗ ತುಂಬಲು ಎರಡೂ ಕಡೆಯಿಂದ ತೇವ ತುಂಬಿದ ಸಮುದ್ರದ ಗಾಳಿ ಒಳಗೆ ನುಗ್ಗುತ್ತದೆ. ಎರಡೂ ಗಾಳಿ ನಾಡಿನ ನಡುವೆ ಡಿಕ್ಕಿ ಹೊಡೆದು ಮೇಲಕ್ಕೆ ಚಿಮ್ಮುತ್ತವೆ. ಮಧ್ಯಾಹ್ನದ ಹೊತ್ತಿಗೆ ಗುಡುಗಿನ ಮೋಡ ಸಿದ್ಧ. ಒರ್ಲಾಂಡೊ ಇರುವುದು ಸರಿಯಾಗಿ ಆ ನಡುಭಾಗದಲ್ಲಿ. ಅಮೆರಿಕದಲ್ಲಿ ಅತಿ ಹೆಚ್ಚು ಸಿಡಿಲು ಬೀಳುವ ಪ್ರದೇಶಗಳಲ್ಲಿ ಮಧ್ಯ ಫ್ಲಾರಿಡಾ ಕೂಡ ಒಂದು.

ಅದಕ್ಕೇ ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗ್ಗೆ ಚುರುಕು ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು ಮಳೆ, ಸಂಜೆಗೆ ಮತ್ತೆ ತಿಳಿ ಆಕಾಶ ಸಾಮಾನ್ಯ. ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದಾಗ ಒರ್ಲಾಂಡೊ ನೋಡಿಬಂದ ನಮ್ಮ ಕನ್ನಡದ ಹಿರಿಯರು ಅಲ್ಲಿ ದಿನಾ ಮೂರು ಗಂಟೆಗೆ ಮಳೆ ಎಂದು ಹೇಳುವುದುಂಟು. ಅವರು ಉತ್ಪ್ರೇಕ್ಷೆ ಮಾಡುತ್ತಿಲ್ಲ.

ಕೊನೆಯ ದಿನಗಳು ಮತ್ತು ಫ್ರೀಜರ್ ಕಥೆ

ಫ್ಲಾರಿಡಾದ ಪಾರ್ಕನ್ನು ಡಿಸ್ನಿ ಕಣ್ಣಾರೆ ನೋಡಲಿಲ್ಲ. ಅವರು ದಶಕಗಳ ಕಾಲ ಎಡೆಬಿಡದೆ ಸಿಗರೇಟು ಸೇದಿದವರು. 1966ರ ನವೆಂಬರ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಗಿ ಎಡ ಶ್ವಾಸಕೋಶ ತೆಗೆಯಲಾಯಿತು. ಆದರೆ ರೋಗ ಹರಡಿಯಾಗಿತ್ತು. 65ನೇ ಹುಟ್ಟುಹಬ್ಬ ಆಸ್ಪತ್ರೆಯಲ್ಲೇ ಕಳೆಯಿತು. ಅದಾದ ಹತ್ತು ದಿನಕ್ಕೆ, 1966ರ ಡಿಸೆಂಬರ್ 15ರಂದು, ಅವರು ತೀರಿಕೊಂಡರು.

ಈಗ ಫಾರ್ವರ್ಡ್ ಸಂದೇಶದ ಹೇಳಿಕೆಗಳನ್ನು ಒಂದೊಂದಾಗಿ ನೋಡೋಣ.

ಹೇಳಿಕೆ 1: ದೇಹವನ್ನು ಹೆಪ್ಪುಗಟ್ಟಿಸಿ ಇಡಲಾಗಿದೆ.
ಸತ್ಯ: ಡಿಸೆಂಬರ್ 17ರಂದು ಅವರ ದೇಹವನ್ನು ದಹನ ಮಾಡಲಾಯಿತು. ಮರಣ ದಾಖಲೆಯಲ್ಲಿ ಇದು ನಮೂದಾಗಿದೆ. ಚಿತಾಭಸ್ಮ ಇರುವುದು ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ. ಮಗಳು ಡಯಾನ್ ಈ ವದಂತಿಯನ್ನು ಬಹಿರಂಗವಾಗಿ ತಳ್ಳಿಹಾಕಿದ್ದರು.

ಹೇಳಿಕೆ 2: ಹಾಗಾದರೆ ಅಂತ್ಯಸಂಸ್ಕಾರ ಯಾರಿಗೂ ಯಾಕೆ ಕಾಣಲಿಲ್ಲ?
ಸತ್ಯ: ಅದು ಮನೆಯವರಷ್ಟೇ ಸೇರಿ ಮಾಡಿದ ಖಾಸಗಿ ಕಾರ್ಯಕ್ರಮ. ಇಡೀ ಜಗತ್ತಿಗೆ ಪರಿಚಿತರಾದ ವ್ಯಕ್ತಿಯ ವಿದಾಯ ಇಷ್ಟು ಸದ್ದಿಲ್ಲದೆ ಮುಗಿದಾಗ ಊಹಾಪೋಹ ಹುಟ್ಟಿತು. ಸರಿಯಾಗಿ 28 ದಿನದ ನಂತರ, 1967ರ ಜನವರಿ 12ರಂದು, ಜೇಮ್ಸ್ ಬೆಡ್‌ಫರ್ಡ್ ಎಂಬ ನಿವೃತ್ತ ಪ್ರಾಧ್ಯಾಪಕರ ದೇಹವನ್ನು ನಿಜವಾಗಿಯೂ ಹೆಪ್ಪುಗಟ್ಟಿಸಲಾಯಿತು. ಅದೂ ಕ್ಯಾಲಿಫೋರ್ನಿಯಾದಲ್ಲೇ. ಹತ್ತಿರ ಹತ್ತಿರ ನಡೆದ ಎರಡು ಸಾವುಗಳು ಜನರ ಬಾಯಲ್ಲಿ ಒಂದೇ ಕಥೆಯಾದವು.

ಹೇಳಿಕೆ 3: ಮುಂದೆ ಬದುಕಿಸಬಹುದು.
ಸತ್ಯ: ಹೀಗೆ ಇಟ್ಟ ದೇಹಗಳನ್ನು ದ್ರವರೂಪದ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಡುತ್ತಾರೆ. ಆದರೆ ಸತ್ತ ಮನುಷ್ಯನನ್ನು ಹೀಗೆ ಇಟ್ಟು ಮತ್ತೆ ಬದುಕಿಸಿದ ಒಂದೇ ಒಂದು ಉದಾಹರಣೆ ಇಲ್ಲ. ಸಾವಿನೊಂದಿಗೆ ಮಿದುಳಿಗೆ ಹಾನಿ ಶುರುವಾಗಿರುತ್ತದೆ, ತಣಿಸುವಾಗ ಮತ್ತಷ್ಟು ಹಾನಿಯಾಗುತ್ತದೆ.

ಹೇಳಿಕೆ 4: ಗುಟ್ಟು ಮುಚ್ಚಲು ‘ಫ್ರೋಝನ್’ ಸಿನಿಮಾ ಬಂತು.
ಸತ್ಯ: 2013ರ ಆ ಚಿತ್ರಕ್ಕೆ ಪ್ರೇರಣೆ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಬರೆದ ‘ಹಿಮರಾಣಿ’ಯ ಕಥೆ. ಡಿಸ್ನಿ ಹುಟ್ಟುವ ಮೊದಲೇ ಬಂದ ಕಥೆ ಅದು.

ಒಂದು ಮಾತು ಗಮನಿಸಿ. ಈ ಸಂದೇಶಗಳಲ್ಲಿ ಫ್ರೀಜರ್ ಇರುತ್ತದೆ, ಸಿಗರೇಟು ಇರುವುದಿಲ್ಲ. ಅವರ ಸಾವಿನಿಂದ ನಾವು ಕಲಿಯಬೇಕಾದ ಪಾಠವೇ ಆ ಕಥೆಯಲ್ಲಿ ಕಾಣೆಯಾಗಿದೆ.

ಅಣ್ಣ ಮುಗಿಸಿದ ಕೆಲಸ

ನಿವೃತ್ತಿ ಬದಿಗಿಟ್ಟು ಕೆಲಸಕ್ಕಿಳಿದ ರಾಯ್, ತಮ್ಮನ ಪಾರ್ಕನ್ನು ಮುಗಿಸಿ ‘ವಾಲ್ಟ್ ಡಿಸ್ನಿ ವರ್ಲ್ಡ್’ ಎಂದು ಹೆಸರಿಟ್ಟರು. ಬಾಗಿಲು ತೆರೆದದ್ದು 1971ರ ಅಕ್ಟೋಬರ್ 1ರಂದು. ಜುಲೈನ ಭಾನುವಾರವಲ್ಲ, ಅಕ್ಟೋಬರ್‌ನ ಒಂದು ಶುಕ್ರವಾರ. ಬೇಸಿಗೆ ರಜೆಯ ನೂಕುನುಗ್ಗಲು ಮುಗಿದಿತ್ತು, ಗುಡುಗಿನ ಕಾಲವೂ ಮುಗಿಯುತ್ತ ಬಂದಿತ್ತು. ಮೊದಲ ದಿನ ಬಂದವರು ಸುಮಾರು 10,000. ಅನಾಹೈಮ್‌ನ ಗೊಂದಲ ಅಲ್ಲಿ ಮರುಕಳಿಸಲಿಲ್ಲ. ರಾಯ್ ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು.

1983ರಲ್ಲಿ ತೆರೆದ ಟೋಕಿಯೊ ಡಿಸ್ನಿಲ್ಯಾಂಡ್‌ನಲ್ಲಿ ಪ್ರವೇಶದ ಅಂಗಡಿ ಬೀದಿಗೆ ಗಾಜಿನ ಚಾವಣಿಯನ್ನೇ ಹಾಕಿದರು, ಏಕೆಂದರೆ ಜಪಾನಿನ ಮಳೆಗೆ ಕ್ಯಾಲಿಫೋರ್ನಿಯಾದ ತೆರೆದ ಬೀದಿ ಹೊಂದುವುದಿಲ್ಲ. ಫ್ಲಾರಿಡಾದಲ್ಲೂ ಲೆಕ್ಕ ಬಹಳ ವರ್ಷ ಹಿಡಿಯಿತು: ಚಂಡಮಾರುತಕ್ಕಾಗಿ ಡಿಸ್ನಿ ವರ್ಲ್ಡ್ ಇಡೀ ದಿನ ಮುಚ್ಚಿದ್ದು ಮೊದಲ ಬಾರಿಗೆ 1999ರಲ್ಲಿ, ಫ್ಲಾಯ್ಡ್ ಬಂದಾಗ.

ನಿಮ್ಮ ಪ್ರವಾಸಕ್ಕೆ ಇದರಿಂದ ಏನು ಉಪಯೋಗ?

ಹವಾಮಾನ ಯಾರ ಮಾತೂ ಕೇಳುವುದಿಲ್ಲ. ಆದರೆ ಅದಕ್ಕೊಂದು ರೂಢಿ ಇರುತ್ತದೆ, ಅದನ್ನು ತಿಳಿದುಕೊಳ್ಳಬಹುದು.

ತಿಂಗಳು ನೋಡಿ: ಬೆಂಗಳೂರು, ಮೈಸೂರು ಕಡೆ ನವೆಂಬರ್‌ನಿಂದ ಫೆಬ್ರವರಿ ತಂಪು, ಮಳೆಯೂ ಕಡಿಮೆ. ಮಾರ್ಚ್‌ನಿಂದ ಮೇವರೆಗೆ ಬಿಸಿಲು ಜೋರು. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ನಂತರ ಗುಡುಗು ಮಳೆ ಬರುವುದಕ್ಕೂ ಕಾದ ನೆಲದಿಂದ ಗಾಳಿ ಮೇಲೇರುವುದೇ ಕಾರಣ. ಬೆಂಗಳೂರಿನಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ದಸರಾ ರಜೆಗೆ ಹೊರಡುವವರು ಇದನ್ನು ಮರೆಯಬಾರದು. ಕರಾವಳಿಯಲ್ಲಾದರೆ ಜೂನ್, ಜುಲೈ, ಆಗಸ್ಟ್ ಬೇಡವೇ ಬೇಡ.

ಗಂಟೆ ನೋಡಿ: ಗೇಟು ತೆರೆಯುವ ಹೊತ್ತಿಗೇ ಹೋಗಿ. ಹೊರಾಂಗಣದ ದೊಡ್ಡ ರೈಡ್‌ಗಳನ್ನು ಬೆಳಗ್ಗೆಯೇ ಮುಗಿಸಿ. 12ರಿಂದ 3ರವರೆಗೆ ಊಟ, ಒಳಾಂಗಣ ಪ್ರದರ್ಶನ, ನೆರಳು.

ಶೇಕಡಾ 40 ಮಳೆ ಎಂದರೆ ಏನು? ಮೊಬೈಲ್ ಆ್ಯಪ್‌ನಲ್ಲಿ ಹೀಗೆ ಕಂಡರೆ ದಿನದ ಶೇ 40 ಹೊತ್ತು ಮಳೆ ಬರುತ್ತದೆ ಎಂದಲ್ಲ. ಆ ಅವಧಿಯಲ್ಲಿ ಆ ಜಾಗದಲ್ಲಿ ಮಳೆ ಬರುವ ಸಾಧ್ಯತೆ 100ರಲ್ಲಿ 40 ಎಂದರ್ಥ. ಬಾರದಿರುವ ಸಾಧ್ಯತೆ 60. ಪ್ರವಾಸ ರದ್ದು ಮಾಡಬೇಕಿಲ್ಲ, ರೇನ್‌ಕೋಟ್ ಮತ್ತು ಒಂದು ಜೊತೆ ಬಟ್ಟೆ ಇಟ್ಟುಕೊಂಡರೆ ಸಾಕು. ಗಂಟೆಗಂಟೆಯ ಮುನ್ಸೂಚನೆ ನೋಡುವುದು ಇನ್ನೂ ಒಳ್ಳೆಯದು.

ಮೋಡವಿದ್ದರೆ ಬಿಸಿಲ ಕಾಟವಿಲ್ಲವೇ? ತಪ್ಪು. ಚರ್ಮ ಸುಡುವ ನೇರಳಾತೀತ ಕಿರಣಗಳ ಬಹುಪಾಲು ತೆಳು ಮೋಡವನ್ನು ದಾಟಿ ಬರುತ್ತವೆ. ಟೋಪಿ, ತೋಳು ಮುಚ್ಚುವ ಹತ್ತಿ ಬಟ್ಟೆ ಮೋಡದ ದಿನವೂ ಇರಲಿ.

ನೀರಿನಲ್ಲಿ ಆಡುವವರಿಗೆ ಬಾಯಾರಿಕೆ ಇಲ್ಲವೇ? ವಾಟರ್ ರೈಡ್‌ನಲ್ಲಿದ್ದರೂ ದೇಹ ನೀರು ಕಳೆದುಕೊಳ್ಳುತ್ತಿರುತ್ತದೆ. ಮೈ ಒದ್ದೆಯಾಗಿರುವುದರಿಂದ ಅದು ಗೊತ್ತಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಮಕ್ಕಳಿಗೆ ನೀರು, ಮಜ್ಜಿಗೆ ಅಥವಾ ನಿಂಬೆ ಪಾನಕ ಕೊಡಿ. ಯಾರಾದರೂ ತೊದಲಿದರೆ, ಗಲಿಬಿಲಿಗೊಂಡರೆ, ಮೈ ಕೆಂಡವಾಗಿ ಕುಸಿದರೆ ಅದು ಬರೀ ಸುಸ್ತಲ್ಲ, ಬಿಸಿಲಾಘಾತ. ನೆರಳಿಗೆ ಕರೆತಂದು ಮೈಮೇಲೆ ತಣ್ಣೀರು ಹಾಕಿ ಗಾಳಿ ಬೀಸಿ. ತಕ್ಷಣ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಗುಡುಗು ಕೇಳಿದರೆ: ಮಿಂಚಿಗೂ ಗುಡುಗಿಗೂ ನಡುವಿನ ಪ್ರತಿ 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ದೂರ. ಆದರೆ ಲೆಕ್ಕ ಹಾಕುತ್ತ ನಿಲ್ಲಬೇಡಿ. ಗುಡುಗು ಕೇಳಿಸುತ್ತಿದೆ ಎಂದರೆ ಸಿಡಿಲು ನಿಮ್ಮನ್ನು ತಲುಪುವಷ್ಟು ಹತ್ತಿರದಲ್ಲಿದೆ. ನೀರಿನಿಂದ ಹೊರಗೆ ಬನ್ನಿ, ಗಟ್ಟಿ ಕಟ್ಟಡದೊಳಗೆ ಅಥವಾ ಕಿಟಕಿ ಮುಚ್ಚಿದ ಕಾರಿನೊಳಗೆ ಹೋಗಿ. ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗಾದ ಮೇಲೂ 30 ನಿಮಿಷ ಕಾಯಿರಿ. ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ.

ರಬ್ಬರ್ ಚಪ್ಪಲಿ ಕಾಪಾಡುತ್ತದೆಯೇ? ಇಲ್ಲ. ಕಿಲೋಮೀಟರ್‌ಗಟ್ಟಲೆ ಗಾಳಿಯನ್ನು ಸೀಳಿ ಬರುವ ಸಿಡಿಲಿಗೆ ಅರ್ಧ ಅಂಗುಲ ರಬ್ಬರ್ ಲೆಕ್ಕಕ್ಕಿಲ್ಲ. ಕಾರಿನಲ್ಲೂ ರಕ್ಷಣೆ ಕೊಡುವುದು ಟಯರ್ ಅಲ್ಲ, ಸುತ್ತಲಿನ ಲೋಹದ ಕವಚ. ಹಾಗೆಯೇ ಮೊಬೈಲ್ ಸಿಡಿಲನ್ನು ಸೆಳೆಯುತ್ತದೆ ಎಂಬುದೂ ಸುಳ್ಳು. ಅಪಾಯ ಇರುವುದು ಬಯಲಲ್ಲಿ ನಿಲ್ಲುವುದರಲ್ಲಿ.

ರೈಡ್ ನಿಲ್ಲಿಸಿದರೆ ಜಗಳ ಬೇಡ: ಗುಡುಗು, ಜೋರುಗಾಳಿ ಬಂದಾಗ ಎತ್ತರದ ರೈಡ್‌ಗಳನ್ನು ನಿಲ್ಲಿಸುವುದು ಸುರಕ್ಷತೆಗಾಗಿ. ಮಳೆ ಬಂದರೆ ಹಣ ವಾಪಸ್ ಸಿಗುತ್ತದೆಯೇ, ಇನ್ನೊಂದು ದಿನ ಬರಬಹುದೇ ಎಂದು ಟಿಕೆಟ್ ಕೊಳ್ಳುವ ಮುಂಚೆಯೇ ಓದಿಕೊಳ್ಳಿ.

ಹಿಮದಲ್ಲಿ ಪೇಪರ್ ಹಾಕಿ ಬೆಳೆದ, ಬಿಸಿಲಿನಲ್ಲಿ ಪೆಟ್ಟು ತಿಂದು ಕಲಿತ ಡಿಸ್ನಿ ಯಾವ ಫ್ರೀಜರ್‌ನಲ್ಲೂ ಇಲ್ಲ. ಆ ಸಂದೇಶ ಮತ್ತೆ ಬಂದರೆ ಸುಮ್ಮನೆ ಮುಂದಕ್ಕೆ ಕಳುಹಿಸಬೇಡಿ. ಬದಲಿಗೆ, ಈ ರಜೆಯಲ್ಲಿ ಪಾರ್ಕಿಗೆ ಹೊರಟಿರುವ ನೆಂಟರಿಗೆ ಗುಡುಗಿನ 30 ನಿಮಿಷದ ನಿಯಮವನ್ನು ಕಳುಹಿಸಿ.